ಮರಳುಗಾಡಿನ ಸಂರಕ್ಷಿತ ಪ್ರದೇಶದಲ್ಲಿ ನೆಲ ಹಾಳಾಗುವ ಅಪಾಯ ಅಳೆಯುವುದು ಹೇಗೆ?

ರಾಜಸ್ಥಾನದ ಡೆಸರ್ಟ್ ನ್ಯಾಷನಲ್ ಪಾರ್ಕ್‌ಗೆ ಮೆಡಾಲಸ್ ಸೂತ್ರ (ಮಣ್ಣು, ಹವೆ, ಸಸ್ಯ, ನಿರ್ವಹಣೆಗೆ ಅಂಕ ಕೊಟ್ಟು ನೆಲ ಹಾಳಾಗುವ ಅಪಾಯ ಅಳೆಯುವ ವಿಧಾನ) ಹಾಕಿದರೆ ಇಡೀ ನಕ್ಷೆ ಕೆಂಪಾಗಿ, ಅಂದರೆ ಅತಿ ಅಪಾಯ ಅಂತ ಬರುತ್ತಿದೆ, ಎಲ್ಲಿ ತಪ್ಪಾಯಿತು ಅಂತ ಕೇಳಿದ್ದೀರಿ. ಒಣಭೂಮಿಯ ನಕ್ಷೆ ಮಾಡುವುದು ನನ್ನ ಕೆಲಸ. ನಿಮ್ಮ ಲೆಕ್ಕ ಸರಿಯಾಗಿಯೇ ಇರಬಹುದು. ಆ ಅಳತೆಗೋಲೇ ಅಲ್ಲಿಗೆ ಹೊಂದುವುದಿಲ್ಲ.

ಮೆಡಾಲಸ್ ಮಾಡಿದ್ದು ಮೆಡಿಟರೇನಿಯನ್ ಯುರೋಪಿಗಾಗಿ. ಅದರಲ್ಲಿ ವರ್ಷಕ್ಕೆ 280 ಮಿ.ಮೀ.ಗಿಂತ ಕಡಿಮೆ ಮಳೆಯಾದರೆ ಅತಿ ಕೆಟ್ಟ ಅಂಕ. ಪಾರ್ಕ್ ಇರುವ ಜೈಸಲ್ಮೇರ್‌ನಲ್ಲಿ ಸರಾಸರಿ ಮಳೆ ಅದಕ್ಕಿಂತ ಎಷ್ಟೋ ಕಡಿಮೆ. ಹಾಗಾಗಿ ಪಾರ್ಕಿನ 3,162 ಚದರ ಕಿ.ಮೀ.ಗೂ ಒಂದೇ ಬಣ್ಣ. ಇಳಿಜಾರಿನ ಅಂಕ ಇರುವುದು ನೀರಿನ ಸವಕಳಿಗೆ. ಥಾರ್‌ನಲ್ಲಿ ಮರಳು ಏಳುವುದು ಮೇ-ಜೂನ್ ಗಾಳಿಗೆ, ಮಳೆಗೆ ಮುಂಚೆ, ಹುಲ್ಲು ತೀರಾ ಕಡಿಮೆ ಇರುವಾಗ.

ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಮರಳು ಇದೆ ಅಂದ ಮಾತ್ರಕ್ಕೆ ನೆಲ ಹಾಳಾಗಿಲ್ಲ. ಜೈಸಲ್ಮೇರ್ ಬಳಿಯ ಸಮ್ ಎಂಬ ಊರಿನ ಕಡೆಯ ಬೋಳು ಮರಳುದಿಬ್ಬ ಸರಿಯುವುದು ಅದರ ಸ್ವಭಾವ. ಸೇವಣ್ ಹುಲ್ಲು ಹಿಡಿದು ನಿಲ್ಲಿಸಿದ್ದ ಮರಳು ಸಡಿಲವಾದರೆ ಅದು ಅಪಾಯ. ಸೇವಣ್ ಹಲವು ವರ್ಷ ಬಾಳುವ ಹುಲ್ಲು, ಬುಡ ಸಮೇತ ಕಿತ್ತರೆ ಬೇಗ ವಾಪಸ್ ಬರುವುದಿಲ್ಲ. ಟ್ರ್ಯಾಕ್ಟರ್ ಉಳುಮೆ ಮಾಡುವುದು ಅದನ್ನೇ.

ಹಸಿರನ್ನೂ ಸುಮ್ನೆ ನಂಬಬೇಡಿ. 2002 ಭೀಕರ ಬರದ ವರ್ಷ. 2006ರ ಆಗಸ್ಟ್‌ನಲ್ಲಿ ಬಾರ್ಮೇರ್‌ನಲ್ಲಿ ಪ್ರವಾಹವೇ ಬಂತು. ಈ ಎರಡು ವರ್ಷದ ಚಿತ್ರ ಹೋಲಿಸಿದರೆ ಮರುಭೂಮಿ ಚೇತರಿಸಿಕೊಂಡಿತು ಅನ್ನಿಸುತ್ತದೆ. ಅದು ಬರೀ ಮಳೆ! ಸಾಕಷ್ಟು ವರ್ಷಗಳ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರ ತೆಗೆದುಕೊಂಡು, ಪ್ರತಿ ವರ್ಷದ ಹಸಿರಿನಲ್ಲಿ ಮಳೆಯ ಪಾಲನ್ನು ಕಳೆದು, ಉಳಿದದ್ದು ಇಳಿಯುತ್ತಿದೆಯಾ ನೋಡಿ. ಮಳೆಗಾಲದ ಜೊತೆ ಬೇಸಿಗೆಯ ಚಿತ್ರವನ್ನೂ ಇಡಿ. ವಿಲಾಯತಿ ಜಾಲಿಯೂ ನೀರಾವರಿ ಹೊಲವೂ ಉಪಗ್ರಹಕ್ಕೆ ಹಸಿರಾಗಿಯೇ ಕಾಣುತ್ತವೆ. ಬಯಲು ಹುಲ್ಲುಗಾವಲು ಬೇಕಾದ ಗ್ರೇಟ್ ಇಂಡಿಯನ್ ಬಸ್ಟರ್ಡ್‌ಗೆ ಅವೆರಡೂ ನಷ್ಟ. ನಮ್ಮ ಸಿರುಗುಪ್ಪದಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಹಕ್ಕಿಯೂ ಇದೇ. ಆದ್ದರಿಂದ ಈ ಮಾತು ನನಗೆ ಬರೀ ನಕ್ಷೆಯದಲ್ಲ.

ಹೋಲಿಕೆಗೆ ಅಲ್ಲೇ ಒಂದು ಒಳ್ಳೆಯ ಅನುಕೂಲ ಇದೆ. ಪಾರ್ಕಿನ ಸುದಾಸರಿ ಎಂಬಲ್ಲಿ ಅರಣ್ಯ ಇಲಾಖೆ ಬೇಲಿ ಹಾಕಿದ ಆವರಣ. ಬೇಲಿಯ ಒಳಗೆ, ಹೊರಗೆ, ಒಂದೇ ಬಗೆಯ ಮಣ್ಣಿನಲ್ಲಿ ಸೇವಣ್ ಬುಡಗಳನ್ನು ಎಣಿಸಿ. ಆ ವ್ಯತ್ಯಾಸವೇ ನಿಮ್ಮ ಅಳತೆಗೋಲು, ಯುರೋಪಿನ ಅಂಕಪಟ್ಟಿಗಿಂತ ಎಷ್ಟೋ ವಾಸಿ. ಆಮೇಲೆ ದನಕರು ನೀರು ಕುಡಿಯುವ ಜಾಗದಿಂದ 100 ಮೀ., 500 ಮೀ., 1 ಕಿ.ಮೀ., 2 ಕಿ.ಮೀ. ದೂರಕ್ಕೆ ಹೋಗಿ ಅದನ್ನೇ ಮಾಡಿ. ಹುಲ್ಲು ಹೋಗಿ ದನ ಅಷ್ಟಾಗಿ ತಿನ್ನದ ಸಿಣಿಯಾ, ಖೀಂಪ್ ಗಿಡಗಳೇ ಜಾಸ್ತಿ ಇದ್ದರೆ ಬರೆದುಕೊಳ್ಳಿ.

ಪಾರ್ಕ್ ಒಳಗೇ ಹಳ್ಳಿಗಳಿವೆ. ಕುರಿಗಾಹಿಗಳನ್ನು ಕೇಳದೆ ಸೂತ್ರದ ನಿರ್ವಹಣೆಯ ಅಂಕ, ಅಂದರೆ ಜನ ನೆಲವನ್ನು ಹೇಗೆ ಬಳಸುತ್ತಾರೆ ಅನ್ನುವುದರ ಅಂಕ, ತುಂಬಬೇಡಿ. ಯಾವ ವರ್ಷ ಯಾವ ತುಂಡು ಉಳುಮೆಗೆ ಬಿತ್ತು ಅನ್ನುವುದು ಅವರಿಗೆ ಗೊತ್ತು, ಉಪಗ್ರಹ ಚಿತ್ರದ 30 ಮೀಟರ್ ಪಿಕ್ಸೆಲ್‌ಗೆ (ಒಂದು ಚುಕ್ಕೆಗೆ) ಗೊತ್ತಾಗುವುದಿಲ್ಲ.