ಆಪ್ತಸಲಹೆ ಪ್ರಕರಣ: ಸರ್ಟಿಫಿಕೇಟ್ ಜಾಸ್ತಿ ಆಯ್ತು, ಭಯ ಹೋಗಲಿಲ್ಲ

ಅವರು ಹೈಸ್ಕೂಲಿನ ಗಣಿತದ ಟೀಚರ್. ಹಾವೇರಿ ಕಡೆಯವರು, ವಯಸ್ಸು ನಲವತ್ತರ ಆಸುಪಾಸು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ, ಬರೆಯುವ ಮುಂಚೆ ಅವರ ಒಪ್ಪಿಗೆಯನ್ನೂ ಕೇಳಿದ್ದೇನೆ. ನನ್ನ ಹತ್ತಿರ ಬಂದಾಗ ಹೇಳಿಕೊಂಡಿದ್ದು ನಿದ್ದೆಯ ತೊಂದರೆ. ರಾತ್ರಿ ಒಂದು ಗಂಟೆಯಾದರೂ ಕಣ್ಣು ಮುಚ್ಚುತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ಎದೆ ಡವಡವ.

ಅವರ ಶಾಲೆಯಲ್ಲಿ ದೈಹಿಕ ಶಿಕ್ಷಕರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬಂದಿರಲಿಲ್ಲ. ಕಾಲೇಜಿನಲ್ಲಿ ಖೋ ಖೋ ಆಡಿದ್ದರು ಎಂಬ ಒಂದೇ ಕಾರಣಕ್ಕೆ ಹುಡುಗಿಯರ ತಂಡ ಇವರ ಹೆಗಲಿಗೆ ಬಿತ್ತು. ಎಲ್ಲ ಬಾಯಿಮಾತಿನಲ್ಲೇ. ಎಸ್ಸೆಸ್ಸೆಲ್ಸಿ ಗಣಿತದ ಫಲಿತಾಂಶದ ಹೊಣೆ ಹಾಗೇ ಇತ್ತು. ತಂಡ ಹೋಬಳಿ ಮಟ್ಟದಲ್ಲಿ ಗೆದ್ದಿತು. ತಾಲೂಕಿಗೆ ಹೋಗುವ ಮುಂಚಿನ ವಾರ, ಕಂಬ ಹಿಡಿದು ತಿರುಗುವಾಗ ಒಬ್ಬ ಹುಡುಗಿಯ ಕಾಲು ಉಳುಕಿತು.

ಆ ಹೊತ್ತನ್ನು ಅವರು ನನ್ನ ಮುಂದೆ ಮತ್ತೆ ಮತ್ತೆ ಹೇಳಿದರು. ಪಾದದ ಗಂಟು ಕಣ್ಣೆದುರೇ ಊದಿಕೊಳ್ಳುತ್ತಿದೆ. ಒಬ್ಬರು ಎಣ್ಣೆ ಹಚ್ಚಿ ತಿಕ್ಕಿ ಅಂತಾರೆ, ಇನ್ನೊಬ್ಬರು ಉಳುಕು ತೆಗೆಯುವವರನ್ನು ಕರೆಸೋಣ ಅಂತಾರೆ. ಇವರಿಗೆ ಏನೂ ತೋಚಲಿಲ್ಲ. ಸಂಜೆ ಹುಡುಗಿಯ ತಂದೆ ಬಂದು, "ಆಟ ಕಲಿಸಾಕ ಬರದಿದ್ರ ಯಾಕ ಕಲಿಸ್ತೀರಿ ಅಕ್ಕೋರ?" ಎಂದು ಕೇಳಿದರು. ದನಿ ಏರಿಸಲಿಲ್ಲ. ಅದೇ ಇವರಿಗೆ ಹೆಚ್ಚು ನಾಟಿತ್ತು.

ಅಲ್ಲಿಂದ ಆನ್‌ಲೈನ್ ಕೋರ್ಸ್‌ಗಳು ಶುರುವಾದವು. ಕ್ರೀಡಾ ಮನಃಶಾಸ್ತ್ರ, ಆಹಾರ, ಅಥ್ಲೆಟಿಕ್ಸ್ ತರಬೇತಿ, ತಂಡ ಕಟ್ಟುವುದು. ಕೆಲವು ಉಚಿತ, ಕೆಲವಕ್ಕೆ ಸಾವಿರಗಟ್ಟಲೆ ಫೀಸು. ಮನೆಯವರೆಲ್ಲ ಮಲಗಿದ ಮೇಲೆ ಅಡುಗೆಮನೆಯಲ್ಲಿ ಕೂತು ವಿಡಿಯೊವನ್ನು ಎರಡು ಪಟ್ಟು ವೇಗದಲ್ಲಿ ಓಡಿಸುವುದು, ಕೊನೆಯ ಕ್ವಿಜ್ ಮುಗಿಸುವುದು, ಪಿಡಿಎಫ್ ಇಳಿಸಿಕೊಳ್ಳುವುದು. ಫೋನಿನಲ್ಲಿ ಒಂದು ಫೋಲ್ಡರ್ ತುಂಬಾ ಸರ್ಟಿಫಿಕೇಟ್.

"ಇದರಲ್ಲಿ ಯಾವುದನ್ನ ಮಕ್ಕಳ ಜೊತೆ ಮಾಡಿ ನೋಡಿದ್ದೀರಿ?" ಎಂದು ಕೇಳಿದೆ.

"ಮಾಡಿ ನೋಡಾಕ ಟೈಮ್ ಎಲ್ಲಿ ಐತ್ರಿ ಮೇಡಂ? ಅಷ್ಟ್ರಾಗ ಮುಂದಿನ ಕೋರ್ಸ್ ಬಂದಿರ್ತದ."

ಇಲ್ಲಿ ಕಲಿಯುವ ಆಸೆಗಿಂತ ಭಯದ ಕೆಲಸವೇ ಜಾಸ್ತಿ ಎಂದು ನನಗನಿಸಿತು. ಯಾರಾದರೂ ಮತ್ತೆ ಆ ಪ್ರಶ್ನೆ ಕೇಳಿದರೆ ತೋರಿಸಲು ಕೈಯಲ್ಲಿ ಒಂದು ಕಾಗದ ಬೇಕಿತ್ತು. ಆದರೆ ಆ ತಂದೆ ಕಾಗದ ಕೇಳಿರಲಿಲ್ಲ. ಮಗಳನ್ನು ನಂಬಿ ಕಳಿಸಬಹುದಾ ಎಂದು ಕೇಳಿದ್ದರು. ಇದನ್ನು ಒಪ್ಪಿಕೊಳ್ಳಲು ಟೀಚರ್‌ಗೆ ಸ್ವಲ್ಪ ಸಮಯ ಹಿಡಿಯಿತು, ಅತ್ತರು ಕೂಡ.

ಮೊದಲು ಹೇಳಿದ್ದು ಇಷ್ಟೇ: ರಾತ್ರಿ ಹತ್ತರ ನಂತರ ಕೋರ್ಸ್ ಬೇಡ. ಕಲಿತ ಒಂದು ವಿಷಯವನ್ನು ಎರಡು ವಾರ ಮೈದಾನದಲ್ಲಿ ಮಾಡುವ ತನಕ ಹೊಸದಕ್ಕೆ ಸೇರುವಂತಿಲ್ಲ. ಮುಗಿಸಿದ್ದನ್ನೇ ಇಬ್ಬರೂ ಕೂತು ತಿರುವಿ ಹಾಕಿದೆವು. ಅದರಲ್ಲಿ ಫುಟ್‌ಬಾಲ್‌ನವರ 'ಫಿಫಾ 11+' ವಾರ್ಮ್‌ಅಪ್ ಇತ್ತು. ಮೂರು ಭಾಗ, 15 ವ್ಯಾಯಾಮ, ಸುಮಾರು 20 ನಿಮಿಷ. ನಾರ್ವೆಯಲ್ಲಿ 13ರಿಂದ 17 ವರ್ಷದ ಹುಡುಗಿಯರ ತಂಡಗಳಲ್ಲಿ ಇದನ್ನು ಮಾಡಿಸಿ ನೋಡಿದ ಅಧ್ಯಯನ 2008ರಲ್ಲೇ ಬಂದಿದೆ, ಗಾಯಗಳು ಕಡಿಮೆಯಾಗಿದ್ದವು. ಒಂಟಿಕಾಲಿನಲ್ಲಿ ನಿಲ್ಲುವುದು, ಮಂಡಿ ಒಳಗೆ ವಾಲದಂತೆ ಹಾರಿ ಇಳಿಯುವುದು, ಓಡುತ್ತಲೇ ಕಾಲೂರಿ ದಿಕ್ಕು ಬದಲಿಸುವುದು. ಖೋ ಖೋಗೂ ಬೇಕಾದದ್ದು ಇದೇ ಅಲ್ವಾ? ಅವರು ಅದನ್ನು ರಾತ್ರಿ ಓಡಿಸಿ ನೋಡಿ ಮರೆತುಬಿಟ್ಟಿದ್ದರು. ಆ ಸೋಮವಾರದಿಂದಲೇ ಹುಡುಗಿಯರಿಗೆ ಮಾಡಿಸತೊಡಗಿದರು.

ಅವರ ಸರ್ಟಿಫಿಕೇಟ್ ರಾಶಿಯಲ್ಲಿ ಇಲ್ಲದೇ ಇದ್ದದ್ದು ಪ್ರಥಮ ಚಿಕಿತ್ಸೆ! ಉಳುಕಿದರೆ ತಿಕ್ಕಬಾರದು, ಎಳೆಸಬಾರದು. ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು 15-20 ನಿಮಿಷ ಇಡಬೇಕು, ಕ್ರೇಪ್ ಬ್ಯಾಂಡೇಜ್ ಕಟ್ಟಿ ಕಾಲು ಎತ್ತರದಲ್ಲಿಡಬೇಕು. ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ ಎಕ್ಸ್‌ರೇಗೆ ಕರೆದೊಯ್ಯಬೇಕು. ಇಷ್ಟು ಗೊತ್ತಿದ್ದರೆ ಆ ದಿನ ಕೈಕಾಲು ನಡುಗುತ್ತಿರಲಿಲ್ಲ. ಹೃದಯ ನಿಂತವರಿಗೆ ಮಾಡುವ ಸಿಪಿಆರ್‌ನಲ್ಲಿ 30 ಸಲ ಎದೆ ಒತ್ತಿ 2 ಸಲ ಉಸಿರು ಕೊಡಬೇಕೆಂದು ವಿಡಿಯೊ ಹೇಳುತ್ತದೆ. ಎಷ್ಟು ಬಲವಾಗಿ ಒತ್ತಬೇಕು ಅನ್ನೋದು ಗೊಂಬೆಯ ಮೇಲೆ ಒತ್ತಿ ನೋಡಿದರೇ ಗೊತ್ತಾಗೋದು. ಹಾಗಾಗಿ ರೆಡ್‌ಕ್ರಾಸ್ ಅಥವಾ ಸೇಂಟ್ ಜಾನ್ ಆಂಬುಲೆನ್ಸ್‌ನವರ ನೇರ ತರಬೇತಿ ವಿಚಾರಿಸಲು ಹೇಳಿದೆ. ಹುಡುಗಿಯರನ್ನು ಊರೂರಿಗೆ ಕರೆದೊಯ್ಯುವವರು ಮಕ್ಕಳ ರಕ್ಷಣೆಯ ಕೋರ್ಸನ್ನೂ ಬಿಡಬಾರದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ ಬಗ್ಗೆ ತಿಳಿದಿರಲೇಬೇಕು.

ಕಷ್ಟವಾದದ್ದು ಹೆಡ್ ಮಾಸ್ತರ ಜೊತೆಗಿನ ಮಾತು. ಇಷ್ಟು ವರ್ಷ ಯಾವುದಕ್ಕೂ ಇಲ್ಲ ಎಂದವರಲ್ಲ ಇವರು. ಏನು ಹೇಳಬೇಕೆಂದು ನನ್ನ ಕೋಣೆಯಲ್ಲೇ ಅಭ್ಯಾಸ ಮಾಡಿದೆವು: "ಸರ್, ತಂಡ ನೋಡ್ಕೊಳ್ತೀನ್ರಿ. ಆದ್ರ ಆದೇಶ ಬರಹದಾಗ ಬೇಕು. ಪ್ರಾಕ್ಟೀಸ್ ಇರೋ ದಿನ ಸಂಜಿ ಕ್ಲಾಸ್ ಬ್ಯಾರೆಯವರಿಗೆ ಕೊಡ್ರಿ." ಆದೇಶ ಸಿಕ್ಕಿತು. ಸಂಜೆ ಕ್ಲಾಸು ವಾರಕ್ಕೆ ಒಂದು ದಿನ ಮಾತ್ರ ತಪ್ಪಿತು. ಇದು ಸಾಲದು, ಇನ್ನೊಮ್ಮೆ ಕೇಳಲೇಬೇಕು ಎಂದು ನಾನು ಈಗಲೂ ಹೇಳುತ್ತಿದ್ದೇನೆ. ಖಾಲಿ ಹುದ್ದೆಯ ಭಾರ ಒಬ್ಬ ಟೀಚರ್ ನಿದ್ದೆಯ ಮೇಲೆ ಬೀಳುವುದು ನ್ಯಾಯವಲ್ಲ.

ಹುಡುಗಿಯ ಮನೆಗೂ ಹೋಗಿ ಬಂದರು. ಏನೇನು ಬದಲಿಸಿದ್ದೇನೆ ಎಂದು ತಂದೆಗೆ ವಿವರಿಸಿದರು. ಮಗಳು ಮತ್ತೆ ಆಡಲು ಬರುತ್ತಿದ್ದಾಳೆ. ಇವರಿಗೂ ನಿದ್ದೆ ಹತ್ತುತ್ತಿದೆ, ಪಂದ್ಯದ ಹಿಂದಿನ ರಾತ್ರಿಗಳನ್ನು ಬಿಟ್ಟು.

ಕಳೆದ ಸಲ ಬಂದಾಗ ಎನ್‌ಐಎಸ್ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ಸ್) ಕೋರ್ಸ್ ಬಗ್ಗೆ ಕೇಳಿದರು. 1961ರಲ್ಲಿ ಪಟಿಯಾಲದಲ್ಲಿ ಶುರುವಾದ ಸಂಸ್ಥೆ ಅದು, ತರಬೇತುದಾರರಿಗೆ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ನಡೆಸುತ್ತದೆ. ದೈಹಿಕ ಶಿಕ್ಷಣದ ಪದವಿಯಾದ ಬಿ.ಪಿ.ಎಡ್‌ಗೆ ಅದು ಸಮ ಅಲ್ಲ, ಆದರೆ ಇವರಿಗೆ ಬೇಕಿರುವುದು ದೈಹಿಕ ಶಿಕ್ಷಕಿಯ ಹುದ್ದೆಯೂ ಅಲ್ಲ. ಗಣಿತ ಬಿಡುವ ಮನಸ್ಸಿಲ್ಲ. ಈ ಸಲ ಕೇಳುವಾಗ ಮುಖದಲ್ಲಿ ಗಾಬರಿ ಇರಲಿಲ್ಲ, ನಿಜವಾದ ಕುತೂಹಲವಿತ್ತು. ಮಗ ಈ ವರ್ಷ ಹತ್ತನೇ ತರಗತಿ. ಅವನ ಪರೀಕ್ಷೆ ಮುಗಿದ ಮೇಲೆ ಅರ್ಜಿಯ ವಿಷಯ ನೋಡೋಣ ಎಂದು ಮಾತಾಡಿಕೊಂಡಿದ್ದೇವೆ.