ಕಾರು ಪುಟ್ಟದಾಗಿದ್ದು ಯಾಕೆ?

ನಮಸ್ಕಾರ.

ಎರಡು ಮಹಾಯುದ್ಧಗಳ ನಡುವಿನ ಫ್ರಾನ್ಸಿನ ಪುಟ್ಟ ರೇಸ್ ಕಾರುಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಹೊಸದು. ಓದಿಕೊಂಡು ಬರೆದಿದ್ದೀರಿ. ಸಂತೋಷ. ಇನ್ನು ನನಗೆ ಸಿಟ್ಟು ಬಂದ ಜಾಗ.

ನಿಮ್ಮ ಮೊದಲ ಸಾಲು: ‘1927ರ ಆ ಕರಾಳ ರಾತ್ರಿ ನೀಸ್ ನಗರದಲ್ಲಿ ನರ್ತಕಿ ಇಸಡೋರಾ ಡಂಕನ್ ಅವರನ್ನು ಬುಗಾಟಿಯೊಂದು ಬಲಿ ಪಡೆಯಿತು.’ ಬುಗಾಟಿ ಕಾರಲ್ಲ ಸ್ವಾಮಿ, ಅಮಿಲ್ಕಾರ್ ಕಾರು! ಬಹಳ ಜನ ಬುಗಾಟಿ ಅಂತಲೇ ಬರೆದಿದ್ದಾರೆ, ನಿಜ. ಆದರೆ ನಿಮ್ಮ ಲೇಖನ ಇರುವುದೇ ಅಮಿಲ್ಕಾರ್ ಬಗ್ಗೆ. ಲಗ್ನಪತ್ರಿಕೆಯಲ್ಲಿ ಮದುಮಗನ ಹೆಸರೇ ತಪ್ಪಿದ ಹಾಗಾಯಿತು. ಇನ್ನು ಆ ‘ಕರಾಳ’. ಕಾರಿನ ಮೈ ತೀರಾ ತಗ್ಗು, ಕಡ್ಡಿಗಳ ಹಿಂಬದಿ ಚಕ್ರ ಕೂತವರ ಹತ್ತಿರವೇ ತಿರುಗುತ್ತಿತ್ತು, ಕೊರಳ ಉದ್ದನೆಯ ಶಾಲು ಅದಕ್ಕೆ ಸುತ್ತಿಕೊಂಡಿತು. ಇಷ್ಟು ಹೇಳಿದ್ದರೆ ಸಾಕಿತ್ತು, ಅಲ್ವಾ?

ಎರಡನೇ ಪ್ಯಾರಾ: ‘ಫ್ರೆಂಚರಿಗೆ ಮೊದಲಿಂದಲೂ ನಾಜೂಕು ವಸ್ತುಗಳ ಮೋಹ.’ ಇಲ್ಲಿ ನನ್ನ ತಾಳ್ಮೆ ತಪ್ಪಿತು. ಮೋಹ ಅಲ್ಲ, ತೆರಿಗೆ. ಯುದ್ಧ ಮುಗಿದು ಜನರ ಜೇಬು ಖಾಲಿ. 1920ರ ಕಾನೂನಿನ ಪ್ರಕಾರ 350 ಕಿಲೋ ಒಳಗಿನ ತೂಕ, 1100 ಸಿಸಿ ಮೀರದ ಎಂಜಿನ್, ಎರಡೇ ಸೀಟು ಇದ್ದರೆ ಅದು ಸೈಕಲ್‌ಕಾರ್. ವರ್ಷಕ್ಕೆ 100 ಫ್ರಾಂಕ್ ಕಟ್ಟಿದರೆ ಆಯಿತು. ಅಮಿಲ್ಕಾರ್, ಸಾಲ್ಮ್‌ಸನ್ ಕಂಪನಿಗಳು ಬೆಳೆದದ್ದು ಈ ಲೆಕ್ಕದೊಳಗೆ. ಮೊದಮೊದಲ ಕಾರುಗಳಲ್ಲಿ, ತಿರುವಿನಲ್ಲಿ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ಲನ್ನೇ ಕೈಬಿಟ್ಟರು. ಸಾಲ್ಮ್‌ಸನ್‌ನವರು ಪ್ರತಿ ಸಿಲಿಂಡರಿಗೂ ಒಂದೇ ರಾಡ್ ಇಟ್ಟರು. ಅದು ತಳ್ಳಿದರೆ ಒಂದು ವಾಲ್ವ್ ತೆರೆಯುತ್ತಿತ್ತು, ಎಳೆದರೆ ಇನ್ನೊಂದು! ಎಂಥ ಜುಗ್ಗತನ, ಎಂಥ ಜಾಣತನ. ನೀವೋ ಆ ಕಾನೂನನ್ನು ನಾಲ್ಕನೇ ಪುಟದ ಬ್ರಾಕೆಟ್ಟಿನೊಳಗೆ ಮಲಗಿಸಿದ್ದೀರಿ.

ನಾನು ಪತ್ರಿಕೆಗೆ ಸೇರಿದ ಹೊಸತರಲ್ಲಿ ಡೆಸ್ಕಿನಲ್ಲಿ ಒಬ್ಬರು ಹಿರಿಯರಿದ್ದರು. ಯಾವ ಕಾಪಿ ಕೊಟ್ಟರೂ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಯಾಕೆ?’ ಅಂತ ಗೀಚುತ್ತಿದ್ದರು. ಈರುಳ್ಳಿ ಬೆಲೆ ಏರಿತು ಅಂದರೂ ಯಾಕೆ, ಕೆರೆ ಒಡೆಯಿತು ಅಂದರೂ ಯಾಕೆ. ಮೈ ಉರಿಯುತ್ತಿತ್ತು. ಒಂದು ದಿನ ಹಟ ಹಿಡಿದು ಈರುಳ್ಳಿ ಮಂಡಿಗೇ ಹೋಗಿ ಕೂತೆ, ದಲ್ಲಾಳಿಗಳ ಬಾಯಿ ಬಿಡಿಸಿ ಬರೆದೆ. ಅದು ಮುಖಪುಟದಲ್ಲಿ ಬಂತು. ನನ್ನ ಹೆಸರು ಮಾತ್ರ ಇರಲಿಲ್ಲ ಅನ್ನಿ.

ನಿಮ್ಮ ಕೊನೆಯ ಪುಟದಲ್ಲಿ 1922ರ ಬೋಲ್ ದೋರ್ ರೇಸ್ ಇದೆ. ಆಂದ್ರೆ ಮೊರೆಲ್ ಅಮಿಲ್ಕಾರ್‌ನಲ್ಲಿ ಗೆದ್ದ ರೇಸು. 24 ಗಂಟೆ, ಒಬ್ಬನೇ ಡ್ರೈವರ್, ಬದಲಿ ಆಸಾಮಿ ಇಲ್ಲ. ಅದಕ್ಕೆ ನೀವು ಕೊಟ್ಟಿದ್ದು ಒಂದೂವರೆ ಸಾಲು! ಅಲ್ಲಿಂದ ಶುರು ಮಾಡಿ, ಹಿಂದೆಯೇ ತೆರಿಗೆ ತನ್ನಿ. ಸಾವಿರ ಪದ ದಾಟದಿರಲಿ. ಮುಂದಿನ ತಿಂಗಳ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.

— ಸಂಪಾದಕ