ತೀರ್ಥಹಳ್ಳಿಯ ತೀರ್ಥ, ಉದ್ಧರಣೆಯ ತೀರ್ಥ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕು. ದೇವಸ್ಥಾನದಲ್ಲಿ ಭಟ್ಟರು ಉದ್ಧರಣೆಯಿಂದ ಹಾಕುವುದೂ ತೀರ್ಥ, ಶೃಂಗೇರಿ ಗುರುಗಳ ಹೆಸರಲ್ಲೂ ತೀರ್ಥ, ಅಜ್ಜ ಕಾಗದ ಶುರು ಮಾಡುತ್ತಿದ್ದುದೂ ‘ತೀರ್ಥರೂಪ’ ಅಂತಲೇ. ಎಲ್ಲ ಒಂದೇ ಶಬ್ದವೆ? ಸೋದರಮಾವನಿಗೆ ಬರೆಯುವಾಗಲೂ ತೀರ್ಥರೂಪ ಎನ್ನಬಹುದೆ?

ಉತ್ತರ: ಒಂದೇ ಶಬ್ದ. ಸಂಸ್ಕೃತದ ‘ತೄ’ ಧಾತುವಿಗೆ ದಾಟು ಎಂದರ್ಥ. ಹೊಳೆಗೆ ಇಳಿಯುವ, ಹಾಯ್ದು ಆಚೆ ದಡ ಸೇರುವ ಜಾಗವೇ ತೀರ್ಥ. ಸೇತುವೆ ಇಲ್ಲದ ಕಾಲದಲ್ಲಿ, ಮಳೆಗಾಲ ಕಳೆದು ನೀರು ಇಳಿದ ಮೇಲೆ ಎಲ್ಲಿ ಧೈರ್ಯವಾಗಿ ಕಾಲಿಡಬಹುದೋ ಅಲ್ಲೇ ಜನ ಸೇರಬೇಕು, ಮೀಯಬೇಕು, ದೇವರಿಗೆ ಕೈಮುಗಿಯಬೇಕು. ನಿಮ್ಮೂರ ರಾಮೇಶ್ವರ ದೇವಸ್ಥಾನದ ಕೆಳಗೆ ತುಂಗೆಯ ಬಂಡೆಗಳ ಮೇಲೆ ಎಳ್ಳಮಾವಾಸ್ಯೆ ಜಾತ್ರೆಗೆ ಆಗುವುದೂ ಅದೇ ತಾನೆ? ಕೊಡಲಿಗೆ ಅಂಟಿದ್ದ ತಾಯಿಯ ನೆತ್ತರಿನ ಕಲೆ ಪರಶುರಾಮನಿಗೆ ತೊಳೆದುಹೋದದ್ದು ಅಲ್ಲಿ ಎಂದು ಸ್ಥಳಪುರಾಣ. ಹಾಗಾಗಿ ಅಲ್ಲಿಯ ರಾಮತೀರ್ಥದ ರಾಮ ಅಯೋಧ್ಯೆಯವನಲ್ಲ. ಅಯೋಧ್ಯೆಯ ರಾಮ ಬೇಕಿದ್ದರೆ ನಿಮ್ಮದೇ ತಾಲ್ಲೂಕಿನ ಅಂಬುತೀರ್ಥಕ್ಕೆ ಹೋಗಬೇಕು. ಸೀತೆಯ ಬಾಯಾರಿಕೆಗೆ ಅವನು ಅಂಬು ಹೂಡಿ ನೀರು ಚಿಮ್ಮಿಸಿದ, ಅದೇ ಶರಾವತಿ ಎನ್ನುತ್ತಾರೆ. (ಸಂಸ್ಕೃತದಲ್ಲಿ ಅಂಬು ಎಂದರೆ ನೀರು ಕೂಡ. ಕಥೆ ಹೆಸರಿನಿಂದ ಹುಟ್ಟಿತೋ, ಹೆಸರು ಕಥೆಯಿಂದಲೋ, ನೀವೇ ಯೋಚಿಸಿ.)

ದಾಟುವ ಅರ್ಥವನ್ನು ಬಿಗಿಯಾಗಿ ಹಿಡಿದುಕೊಂಡವರು ಜೈನರು. ಹೊಸನಗರದ ಹೊಂಬುಜಕ್ಕೆ ಹೋದರೆ ಬಸದಿಯಲ್ಲಿ ಕಾಣುವ ತೀರ್ಥಂಕರ, ಸಂಸಾರದ ಹೊಳೆ ಹಾಯಲು ದಾರಿ ಮಾಡಿಕೊಟ್ಟವನು. ದಾಟಿಸುವವನು ಗುರುವಾದ್ದರಿಂದ ಗುರುವಿಗೂ ತೀರ್ಥ ಎಂಬ ಹೆಸರು ಬಂತು. ಒಬ್ಬನೇ ಗುರುವಿನ ಶಿಷ್ಯರು ‘ಸತೀರ್ಥ’ರು. ಶಂಕರ ಪರಂಪರೆಯ ಸಂನ್ಯಾಸಿಗಳ ಹತ್ತು ಹೆಸರುಗಳಲ್ಲಿ ತೀರ್ಥವೂ ಒಂದು. ಮಾಧ್ವ ಯತಿಗಳಿಗಂತೂ ಆನಂದತೀರ್ಥರಿಂದಲೇ, ಅಂದರೆ ಮಧ್ವಾಚಾರ್ಯರಿಂದಲೇ, ಅದು ನಡೆದುಬಂದಿದೆ, ಕೂಡಲಿಯ ಅಕ್ಷೋಭ್ಯತೀರ್ಥ ಮಠ ಗೊತ್ತಲ್ಲ.

ಉದ್ಧರಣೆಯ ನೀರಿಗೆ ಹೆಸರು ಬಂದದ್ದು ಜಾಗದಿಂದ. ಮೊದಲು ಸ್ನಾನಘಟ್ಟ, ಆಮೇಲೆ ಅಲ್ಲಿಯ ನೀರು, ಆಮೇಲೆ ದೇವರಿಗೆ ಅಭಿಷೇಕವಾದ ಯಾವ ನೀರೂ. ಅದನ್ನು ಹಿಡಿಯುವ ಅಂಗೈಯಲ್ಲೂ ತೀರ್ಥಗಳಿವೆ: ಬೆರಳ ತುದಿ ದೇವತೀರ್ಥ, ಹೆಬ್ಬೆರಳ ಬುಡ ಬ್ರಹ್ಮತೀರ್ಥ, ಹೆಬ್ಬೆರಳು ತೋರುಬೆರಳಿನ ನಡುವೆ ಪಿತೃತೀರ್ಥ. ತರ್ಪಣದ ಎಳ್ಳುನೀರು ಜಾರುವುದು ಈ ಕೊನೆಯದರಿಂದ. ಇನ್ನು ಕರೆಯೋಲೆಯಲ್ಲಿ ‘ತೀರ್ಥಪ್ರಸಾದ’ ಎಂದಿದ್ದರೆ ಊಟವಿದೆ ಎಂದೇ ಲೆಕ್ಕ. ಸಂಜೆ ‘ತೀರ್ಥ ತಗೊಂಡು’ ಬಂದವರ ವಿಷಯ ಬಿಡಿ.

ನೀರಿಲ್ಲದ ಪುಣ್ಯಸ್ಥಳಕ್ಕೆ ಕ್ಷೇತ್ರ ಎನ್ನುವುದು ನನಗೆ ಸರಿ ಕಾಣುತ್ತದೆ. ಆದರೆ ‘ತೀರ್ಥಕ್ಷೇತ್ರ’ ಈಗ ಎಲ್ಲಕ್ಕೂ ಸಲ್ಲುತ್ತಿದೆ, ತಪ್ಪು ಹಿಡಿದು ಪ್ರಯೋಜನವಿಲ್ಲ.

ಕಾಗದದ ಮಾತು: ತೀರ್ಥರೂಪ ಎಂದು ನೇರವಾಗಿ ಬರೆಯುವುದು ತಂದೆಗೆ. ತಾಯಿಗೆ ಮಾತೃಶ್ರೀ. ಸೋದರಮಾವನಿಗೆ ‘ತೀರ್ಥರೂಪ ಸಮಾನರಾದ ಮಾವನವರಿಗೆ’ ಎಂದು ಬರೆಯಿರಿ.